ಎಂಎಸ್ ಇರುವವರ ದೃಷ್ಟಿ ಮತ್ತು ದಿನನಿತ್ಯದ ಬದುಕು: ಅಳೆಯಲು ಯಾವ ಪ್ರಶ್ನಾವಳಿ ಆರಿಸಬೇಕು?

ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವವರ ಫೈಲು ತೆರೆದರೆ ಕಣ್ಣಿನ ಕಾಲಂನಲ್ಲಿ ಬಹಳ ಸಲ ಸಿಗುವುದು ಒಂದೇ ಸಾಲು: ಬಲ 6/6, ಎಡ 6/6. ಅದೇ ವ್ಯಕ್ತಿಯನ್ನು ಮಾತಾಡಿಸಿದರೆ ಬೇರೆಯೇ ಕತೆ. ಮಧ್ಯಾಹ್ನದ ಬಿಸಿಲಿಗೆ ಬಸ್ಸಿನ ಬೋರ್ಡು ಮಸುಕಾಗುತ್ತದೆ, ಮಬ್ಬು ಬೆಳಕಲ್ಲಿ ಮೆಟ್ಟಿಲಿನ ಅಂಚು ತಿಳಿಯುವುದಿಲ್ಲ, ಕಂಪ್ಯೂಟರ್ ಮುಂದೆ ಒಂದು ಗಂಟೆ ಕೂತರೆ ಅಕ್ಷರಗಳು ಎರಡೆರಡಾಗುತ್ತವೆ. ಫೈಲೂ ಸುಳ್ಳಲ್ಲ, ಅವರ ಮಾತೂ ಸುಳ್ಳಲ್ಲ. ಚಾರ್ಟು ಅಳೆದದ್ದು ಬಿಳಿ ಹಲಗೆಯ ಮೇಲಿನ ದಟ್ಟ ಕಪ್ಪು ಅಕ್ಷರವನ್ನು, ನೆರಳಿನ ಕೋಣೆಯಲ್ಲಿ, ಒಂದೊಂದೇ ಕಣ್ಣಿನಲ್ಲಿ, ಕೆಲವೇ ನಿಮಿಷ.

ಈ ಅಂತರ ಹೊಸದಾಗಿ ಗೊತ್ತಾದದ್ದೇನಲ್ಲ. ಅಮೆರಿಕದ ಆಪ್ಟಿಕ್ ನ್ಯೂರೈಟಿಸ್ ಟ್ರೀಟ್‌ಮೆಂಟ್ ಟ್ರಯಲ್ 1988ರಿಂದ 1991ರವರೆಗೆ ಆಪ್ಟಿಕ್ ನ್ಯೂರೈಟಿಸ್ (ಕಣ್ಣಿನ ನರದ ಉರಿಯೂತ, ಎಂಎಸ್‌ನಲ್ಲಿ ಸಾಮಾನ್ಯ) ಆದ 457 ಮಂದಿಯನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿತು. ಬಹುಪಾಲು ಮಂದಿಯ ದೃಷ್ಟಿ ಚಾರ್ಟಿನ ಲೆಕ್ಕದಲ್ಲಿ ಚೆನ್ನಾಗಿಯೇ ಮರಳಿತು. ಆದರೂ ಅವರಲ್ಲಿ ಅನೇಕರು ‘ಮೊದಲಿನ ಹಾಗೆ ಕಾಣುತ್ತಿಲ್ಲ’ ಎಂದರು. ಆ ಮಾತನ್ನು ಅಂಕಿಗೆ ಇಳಿಸಲು ಇರುವ ಸಾಧನಗಳೇ ದೃಷ್ಟಿ ಸಂಬಂಧಿ ಜೀವನ ಗುಣಮಟ್ಟದ ಪ್ರಶ್ನಾವಳಿಗಳು. ನ್ಯೂರಾಲಜಿ ಓಪಿಡಿಯಲ್ಲೋ ಕಣ್ಣಿನ ವಿಭಾಗದಲ್ಲೋ ಎಂಎಸ್ ಇರುವವರನ್ನು ನೋಡುವವರು, ಪಿಜಿ ಪ್ರಬಂಧಕ್ಕೆ ಅಳತೆಗೋಲು ಹುಡುಕುತ್ತಿರುವವರು ಇವುಗಳಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬುದು ಇಲ್ಲಿನ ವಿಷಯ.

ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಎನ್‌ಇಐ ವಿಎಫ್‌ಕ್ಯೂ-25 (ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ನ 25 ಪ್ರಶ್ನೆಗಳ ದೃಷ್ಟಿ ಪ್ರಶ್ನಾವಳಿ) ಮತ್ತು ಅದರ ಜೊತೆಗೆ 10 ಪ್ರಶ್ನೆಗಳ ನರ-ನೇತ್ರ ಪುರವಣಿ. ವಿಎಫ್‌ಕ್ಯೂ-25 ಒಂದನ್ನೇ ಬಳಸಿ ಎಂಎಸ್ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಐದು ನಿಮಿಷವೂ ಇಲ್ಲ ಎಂದಾದರೆ ಪುರವಣಿಯನ್ನಷ್ಟೇ ಕೇಳಿ. ಯಾವುದನ್ನೇ ಆರಿಸಿದರೂ ಪಕ್ಕದಲ್ಲಿ ಒಂದು ಲೋ ಕಾಂಟ್ರಾಸ್ಟ್ (ಮಾಸಲು ಬೂದು ಅಕ್ಷರಗಳ) ಚಾರ್ಟಿನ ಅಳತೆ ಇರಲಿ.

ಎಂಎಸ್ ಕಣ್ಣು ಪೊರೆಯ ಕಣ್ಣಲ್ಲ

ಬಳಕೆಯಲ್ಲಿರುವ ಹೆಚ್ಚಿನ ದೃಷ್ಟಿ ಪ್ರಶ್ನಾವಳಿಗಳು ಕಣ್ಣಿನ ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯ ರೆಟಿನೋಪತಿ, ಮ್ಯಾಕ್ಯುಲಾ ಸವೆತ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅಲ್ಲಿ ಮುಖ್ಯ ತೊಂದರೆ ‘ಕಾಣುವುದಿಲ್ಲ’. ಎಂಎಸ್‌ನಲ್ಲಿ ತೊಂದರೆ ‘ಕಾಣುತ್ತದೆ, ಆದರೆ ಸರಿಯಾಗಿಲ್ಲ’.

ಆಪ್ಟಿಕ್ ನ್ಯೂರೈಟಿಸ್ ವಾಸಿಯಾದ ಮೇಲೂ ಕಾಂಟ್ರಾಸ್ಟ್ ಮರಳದೆ ಉಳಿಯಬಹುದು: ಬೂದು ಗೋಡೆಯೆದುರು ನಿಂತ ಬೂದು ಅಂಗಿಯವರು ಕಾಣುವುದಿಲ್ಲ. ಕೆಂಪು ಬಣ್ಣ ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಮಾಸಲು. ಎರಡು ಕಣ್ಣುಗಳಿಂದ ಮೆದುಳಿಗೆ ಹೋಗುವ ಸಂಕೇತದಲ್ಲಿ ಒಂದು ತಡವಾದರೆ, ಎದುರು ಬರುವ ಚೆಂಡಿನ ದಾರಿಯೇ ಓರೆಯಾಗಿ ಕಾಣುತ್ತದೆ. ಇದಕ್ಕೆ ಪುಲ್‌ಫ್ರಿಚ್ ಪರಿಣಾಮ ಎನ್ನುತ್ತಾರೆ. ಮೆದುಳುಕಾಂಡದಲ್ಲಿ ಗಾಯವಿದ್ದರೆ ಇಂಟರ್‌ನ್ಯೂಕ್ಲಿಯರ್ ಆಫ್ತಾಲ್ಮೋಪ್ಲೀಜಿಯಾ (ಎರಡು ಕಣ್ಣು ಜೊತೆಯಾಗಿ ತಿರುಗದ ತೊಂದರೆ) ಬಂದು ಪಕ್ಕಕ್ಕೆ ನೋಡಿದಾಗ ಎರಡೆರಡು ಕಾಣುತ್ತದೆ. ನಿಸ್ಟಾಗ್ಮಸ್ (ಕಣ್ಣು ತಾನಾಗಿ ಅದುರುವುದು) ಇದ್ದರೆ ನೋಟವೇ ಅಲುಗಾಡುತ್ತದೆ. ಇದೆಲ್ಲದರ ಮೇಲೆ ಏರಿಳಿತ ಬೇರೆ. ಮೈ ಬಿಸಿಯಾದರೆ ದೃಷ್ಟಿ ಮಸುಕಾಗಿ, ತಣ್ಣಗಾದ ಮೇಲೆ ಮರಳುವುದನ್ನು ವಿಲ್ಹೆಲ್ಮ್ ಊಟಾಫ್ 1890ರಲ್ಲೇ ವಿವರಿಸಿದ್ದರು. ಬಳ್ಳಾರಿಯ ಏಪ್ರಿಲ್‌ನಲ್ಲಿ ತುಂಬಿದ ಪ್ರಶ್ನಾವಳಿಗೂ ಡಿಸೆಂಬರ್‌ನಲ್ಲಿ ತುಂಬಿದ್ದಕ್ಕೂ ವ್ಯತ್ಯಾಸ ಬಂದರೆ ಅದು ರೋಗದ ಪ್ರಗತಿಯೇ ಆಗಬೇಕಿಲ್ಲ.

ಆದ್ದರಿಂದ ಯಾವುದೇ ಪ್ರಶ್ನಾವಳಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದು ಎಷ್ಟು ಪ್ರಸಿದ್ಧ ಎಂಬುದನ್ನಲ್ಲ. ಎರಡೆರಡು ಕಾಣುವುದು, ಎರಡು ಕಣ್ಣಿನ ನಡುವಿನ ವ್ಯತ್ಯಾಸ, ಬಿಸಿಲು, ಕಣ್ಣಿನ ದಣಿವು, ಚಲಿಸುವ ವಸ್ತು: ಈ ಐದರ ಬಗ್ಗೆ ಅದರಲ್ಲಿ ಪ್ರಶ್ನೆ ಇದೆಯೇ ನೋಡಿ.

ವಿಎಫ್‌ಕ್ಯೂ-25: ಎಲ್ಲರೂ ಬಳಸುವುದು, ಅನೇಕರು ತಪ್ಪಾಗಿ ಎಣಿಸುವುದು

ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ನ ನೆರವಿನಲ್ಲಿ ರ‍್ಯಾಂಡ್ ಸಂಸ್ಥೆಯಲ್ಲಿ ಮೊದಲು 51 ಪ್ರಶ್ನೆಗಳ ರೂಪ ಸಿದ್ಧವಾಯಿತು. 2001ರಲ್ಲಿ ಕರೋಲ್ ಮ್ಯಾಂಜಿಯೋನೆ ಮತ್ತು ಸಂಗಡಿಗರು 25 ಪ್ರಶ್ನೆಗಳ ಚಿಕ್ಕ ರೂಪವನ್ನು ಪ್ರಕಟಿಸಿದರು. ಸಂದರ್ಶಕರು ಕೇಳುವ ರೂಪ, ರೋಗಿ ತಾನೇ ತುಂಬುವ ರೂಪ, ಎರಡೂ ಉಚಿತವಾಗಿ ಸಿಗುತ್ತವೆ. ಕೇಳಲು ಸುಮಾರು 10 ನಿಮಿಷ ಹಿಡಿಯುತ್ತದೆ. ಎಂಎಸ್‌ನಲ್ಲಿ ಇದನ್ನು ಬಳಸಿದ ಅಧ್ಯಯನಗಳು ಸಾಕಷ್ಟಿವೆ, ಹಾಗಾಗಿ ನಿಮ್ಮ ಅಂಕಿಗಳನ್ನು ಬೇರೆಯವರ ಅಂಕಿಗಳ ಪಕ್ಕ ಇಟ್ಟು ನೋಡಬಹುದು. ಇದರ ದೊಡ್ಡ ಬಲವೇ ಇದು.

ಒಳಗೆ 12 ಉಪವಿಭಾಗಗಳು: ಸಾಮಾನ್ಯ ಆರೋಗ್ಯ, ಒಟ್ಟಾರೆ ದೃಷ್ಟಿ, ಕಣ್ಣಿನ ನೋವು, ಹತ್ತಿರದ ಕೆಲಸ, ದೂರದ ಕೆಲಸ, ಸಾಮಾಜಿಕ ಒಡನಾಟ, ಮಾನಸಿಕ ಆರೋಗ್ಯ, ಕೆಲಸ ನಿಭಾಯಿಸುವ ಕಷ್ಟ, ಪರಾವಲಂಬನೆ, ವಾಹನ ಚಾಲನೆ, ಬಣ್ಣ, ಪಕ್ಕದ ನೋಟ. ಪ್ರತಿ ಉತ್ತರವನ್ನು 0ಯಿಂದ 100ಕ್ಕೆ ಬದಲಿಸಬೇಕು. 100 ಎಂದರೆ ತೊಂದರೆಯೇ ಇಲ್ಲ. ಬದಲಾವಣೆಯ ಕ್ರಮ ಎಲ್ಲ ಪ್ರಶ್ನೆಗೂ ಒಂದೇ ಅಲ್ಲ:

- 1, 3, 4ನೇ ಪ್ರಶ್ನೆ: ಉತ್ತರ 1 ಆದರೆ 100, ನಂತರ 75, 50, 25, 0.
- 2ನೇ ಪ್ರಶ್ನೆ (ಒಟ್ಟಾರೆ ದೃಷ್ಟಿ ಹೇಗಿದೆ): ಆರು ಆಯ್ಕೆಗಳು, 100, 80, 60, 40, 20, 0.
- 5ರಿಂದ 14, ಜೊತೆಗೆ 16 ಮತ್ತು 16ಎ: 100, 75, 50, 25, 0, ಆರನೇ ಆಯ್ಕೆ ಬಂದರೆ ಅಂಕವಿಲ್ಲ, ಖಾಲಿ ಬಿಡಬೇಕು.
- 17ರಿಂದ 25: ತಲೆಕೆಳಗು. ಉತ್ತರ 1 ಆದರೆ 0, 5 ಆದರೆ 100.
- ವಾಹನ ಚಾಲನೆಯ 15ನೆಯದು ಎ, ಬಿ, ಸಿ ಎಂದು ಕವಲೊಡೆಯುತ್ತದೆ. ಕಣ್ಣಿನ ಕಾರಣಕ್ಕೇ ಗಾಡಿ ಬಿಟ್ಟಿದ್ದರೆ 15ಸಿಗೆ 0. ಬೇರೆ ಕಾರಣಕ್ಕೆ ಬಿಟ್ಟಿದ್ದರೆ ಅಥವಾ ಎಂದೂ ಓಡಿಸಿಯೇ ಇಲ್ಲದಿದ್ದರೆ ಖಾಲಿ.

ಉಪವಿಭಾಗದೊಳಗೆ ಉತ್ತರ ಸಿಕ್ಕ ಪ್ರಶ್ನೆಗಳ ಸರಾಸರಿ ತೆಗೆಯಿರಿ. ಆಮೇಲೆ ಸಾಮಾನ್ಯ ಆರೋಗ್ಯವನ್ನು ಬಿಟ್ಟು ಉಳಿದ 11 ಉಪವಿಭಾಗಗಳ ಸರಾಸರಿಯೇ ಒಟ್ಟು ಅಂಕ. ಇಲ್ಲಿ ಗಮನವಿಟ್ಟು ನೋಡಬೇಕಾದ ಸಂಗತಿ: ಸರಾಸರಿ ಪ್ರಶ್ನೆಗಳದ್ದಲ್ಲ, ಉಪವಿಭಾಗಗಳದ್ದು. ಬಣ್ಣಕ್ಕೆ ಇರುವುದು 12ನೇ ಪ್ರಶ್ನೆ ಒಂದೇ, ಪಕ್ಕದ ನೋಟಕ್ಕೆ 10ನೆಯದು ಒಂದೇ. ಹತ್ತಿರದ ಕೆಲಸಕ್ಕೆ 5, 6, 7 ಹೀಗೆ ಮೂರು. ಅಂದರೆ ಬಟ್ಟೆಯ ಬಣ್ಣ ಹೊಂದಿಸುವ ಒಂದು ಪ್ರಶ್ನೆಗೆ ಪತ್ರಿಕೆ ಓದುವ ಪ್ರಶ್ನೆಯ ಮೂರರಷ್ಟು ತೂಕ. ಬಣ್ಣದ ಉತ್ತರ ಒಂದು ಮೆಟ್ಟಿಲು ಇಳಿದರೆ ಒಟ್ಟು ಅಂಕದಲ್ಲಿ 2.3ರಷ್ಟು ಕಡಿತ. ಎಕ್ಸೆಲ್‌ನಲ್ಲಿ 25 ಉತ್ತರಗಳ ಸರಾಸರಿ ತೆಗೆದು ‘ವಿಎಫ್‌ಕ್ಯೂ ಅಂಕ’ ಎಂದು ಬರೆದುಕೊಂಡವರ ಅಂಕಿಗಳು ಯಾರ ಅಂಕಿಗಳೊಂದಿಗೂ ಹೋಲಿಕೆಯಾಗುವುದಿಲ್ಲ.

ಎಂಎಸ್‌ನಲ್ಲಿ ಇದಕ್ಕಿಂತ ದೊಡ್ಡ ಅಪಾಯ ಐದನೇ ಮತ್ತು ಆರನೇ ಆಯ್ಕೆಗಳ ನಡುವೆ ಇದೆ. ಐದು ಎಂದರೆ ‘ಕಣ್ಣಿನ ದೆಸೆಯಿಂದ ಬಿಟ್ಟಿದ್ದೇನೆ’, ಅಂಕ 0. ಆರು ಎಂದರೆ ‘ಬೇರೆ ಕಾರಣಕ್ಕೆ ಬಿಟ್ಟಿದ್ದೇನೆ, ಇಲ್ಲವೇ ಆಸಕ್ತಿ ಇಲ್ಲ’, ಅಂಕವೇ ಇಲ್ಲ. ಪೊರೆ ಬಂದವರಿಗೆ ಈ ಗೊಂದಲ ಕಡಿಮೆ. ಅವರಿಗೆ ಕಣ್ಣೊಂದೇ ತೊಂದರೆ. ಎಂಎಸ್ ಇರುವವರಿಗೆ ಕಾಲು ಎಳೆಯುತ್ತದೆ, ಕೈ ಜೋಮು ಹಿಡಿಯುತ್ತದೆ, ಸುಸ್ತು ಬಿಡುವುದಿಲ್ಲ, ಮೂತ್ರ ತಡೆಯಲಾಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಒಂದು ಕಣ್ಣಿಗೆ ಹಿಂದೆ ಆಪ್ಟಿಕ್ ನ್ಯೂರೈಟಿಸ್ ಆಗಿದ್ದ, ಗಾಡಿ ಓಡಿಸದ ಒಬ್ಬ ಮಹಿಳೆ ಎಂದಿಟ್ಟುಕೊಳ್ಳಿ. ಅಂಕಗಳು ಹೀಗಿವೆ: ಒಟ್ಟಾರೆ ದೃಷ್ಟಿ 60, ನೋವು 75, ಸಾಮಾಜಿಕ 100, ಮಾನಸಿಕ 75, ಕೆಲಸ 62.5, ಪರಾವಲಂಬನೆ 100, ಬಣ್ಣ 100, ಪಕ್ಕದ ನೋಟ 75. ಹತ್ತಿರದ ಕೆಲಸದಲ್ಲಿ ಓದುವುದಕ್ಕೆ 75, ತುಂಬಿದ ಕಪಾಟಿನಲ್ಲಿ ಏನಾದರೂ ಹುಡುಕುವುದಕ್ಕೆ 75; ಹೊಲಿಗೆಯಂಥ ಕೆಲಸವನ್ನು ಕೇಳುವ 6ನೇ ಪ್ರಶ್ನೆಗೆ ‘ಬಿಟ್ಟಿದ್ದೇನೆ’. ದೂರದ ಕೆಲಸದಲ್ಲಿ ಬೋರ್ಡು ಓದುವುದಕ್ಕೆ 75, ಮಬ್ಬಿನಲ್ಲಿ ಮೆಟ್ಟಿಲು ಇಳಿಯುವುದಕ್ಕೆ 50; ಸಿನಿಮಾ, ನಾಟಕಕ್ಕೆ ಹೋಗುವುದನ್ನು ಕೇಳುವ 14ನೆಯದಕ್ಕೂ ‘ಬಿಟ್ಟಿದ್ದೇನೆ’. ಹೊಲಿಗೆ ಬಿಟ್ಟದ್ದು ಬೆರಳಿಗೆ ಸೂಜಿ ನಿಲ್ಲದ್ದರಿಂದ, ಸಿನಿಮಾ ಬಿಟ್ಟದ್ದು ಎರಡೂವರೆ ಗಂಟೆ ಶೌಚಾಲಯಕ್ಕೆ ಏಳದೆ ಕೂರಲಾಗದ್ದರಿಂದ. ಎರಡನ್ನೂ ಆರನೇ ಆಯ್ಕೆಗೆ ಹಾಕಿದರೆ ಹತ್ತಿರ 75, ದೂರ 62.5, ಚಾಲನೆ ಬಿಟ್ಟು ಉಳಿದ ಹತ್ತು ಉಪವಿಭಾಗಗಳ ಸರಾಸರಿ, ಅಂದರೆ ಒಟ್ಟು ಅಂಕ, 78.5. ಸಂದರ್ಶಕರು ಕಾರಣ ಕೇಳದೆ ಐದನೆಯದಕ್ಕೆ ಗುರುತು ಹಾಕಿದರೆ ಹತ್ತಿರ 50, ದೂರ 41.7, ಒಟ್ಟು 73.9. ವ್ಯತ್ಯಾಸ 4.6. ಈ ಪ್ರಶ್ನಾವಳಿಯಲ್ಲಿ ಅರ್ಥಪೂರ್ಣ ಬದಲಾವಣೆ ಎಂದು ಸಾಮಾನ್ಯವಾಗಿ ಒಪ್ಪುವುದು 4ರಿಂದ 6 ಅಂಕ. ಎರಡೇ ಎರಡು ತಪ್ಪು ಗುರುತು ‘ದೃಷ್ಟಿ ಹದಗೆಟ್ಟಿದೆ’ ಎಂಬ ತೀರ್ಮಾನಕ್ಕೆ ತಂದು ನಿಲ್ಲಿಸುತ್ತದೆ.

ಪರಿಹಾರ ಸುಲಭ, ಆದರೆ ಅಭ್ಯಾಸವಾಗಬೇಕು. ‘ಬಿಟ್ಟಿದ್ದೇನೆ’ ಎಂಬ ಉತ್ತರ ಬಂದ ಕೂಡಲೇ ಒಂದು ಮರುಪ್ರಶ್ನೆ: “ಹೊಲಿಗೆ ಬಿಟ್ಟಿದ್ದೀರಲ್ಲಮ್ಮ, ಕಣ್ಣು ಕಾಣದೆ ಬಿಟ್ಟಿರೋ, ಕೈ ಕೇಳಲ್ಲ ಅಂತ ಬಿಟ್ಟಿರೋ? ಕೈ ಸರಿಯಾಗಿದ್ದಿದ್ರೆ ಕಣ್ಣಿಗೆ ಕಷ್ಟ ಆಗ್ತಿತ್ತಾ?” ಉತ್ತರವನ್ನು ಪ್ರಶ್ನಾವಳಿಯ ಅಂಚಿನಲ್ಲಿ ಬರೆದಿಡಿ. 9ನೇ ಪ್ರಶ್ನೆ, ಅಂದರೆ ಮಬ್ಬು ಬೆಳಕಲ್ಲಿ ಮೆಟ್ಟಿಲು ಇಳಿಯುವುದು, ಇದೇ ರೀತಿ ಕಾಲಿನ ತೊಂದರೆಯನ್ನು ಕಣ್ಣಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ‘ಹೆಚ್ಚಿನ ಹೊತ್ತು ಮನೆಯಲ್ಲೇ ಇರುತ್ತೇನೆ’ ಎಂಬ 20ನೆಯದೂ ಅಷ್ಟೆ. ‘ಕಣ್ಣಿನ ಕಾರಣಕ್ಕೆ’ ಎಂಬ ಪದವನ್ನು ಪ್ರತಿ ಸಲ ಒತ್ತಿ ಹೇಳಬೇಕು. ಹತ್ತನೇ ಪ್ರಶ್ನೆಯ ಹೊತ್ತಿಗೆ ಅದನ್ನು ನುಂಗಿಬಿಡುವುದು ಎಲ್ಲ ಸಂದರ್ಶಕರ ಚಾಳಿ.

ಚಾಲನೆಯ ಭಾಗ ಕಾರು ಓಡಿಸುವ ಸಮಾಜಕ್ಕೆ ಬರೆದದ್ದು. ನಮ್ಮಲ್ಲಿ ಸ್ಕೂಟರ್ ಓಡಿಸುವವರನ್ನು ಸೇರಿಸುತ್ತೀರೋ ಇಲ್ಲವೋ ಎಂಬುದನ್ನು ಅಧ್ಯಯನ ಶುರುವಾಗುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಸೇರಿಸಿದರೆ, ಬ್ಯಾಲೆನ್ಸ್ ತಪ್ಪುತ್ತದೆಂದು ಸ್ಕೂಟರ್ ಬಿಟ್ಟವರು ‘ಬೇರೆ ಕಾರಣ’ದವರು ಎಂಬುದು ನೆನಪಿರಲಿ.

ಇನ್ನೊಂದು ಟೀಕೆ ತಜ್ಞರಿಂದ ಬಂದಿದೆ. ರಾಶ್ ವಿಶ್ಲೇಷಣೆ (ಪ್ರಶ್ನೆಗಳೆಲ್ಲ ಒಂದೇ ಗುಣವನ್ನು ಅಳೆಯುತ್ತವೆಯೇ ಎಂದು ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಮಾಡಿದ ಕಾನ್ರಾಡ್ ಪೆಸುಡೋವ್ಸ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಈ ಪ್ರಶ್ನಾವಳಿ ಒಂದೇ ಗುಣವನ್ನು ಅಳೆಯುವುದಿಲ್ಲ. ದೃಷ್ಟಿಯ ಕಾರ್ಯ ಮತ್ತು ಸಾಮಾಜಿಕ-ಭಾವನಾತ್ಮಕ ಪರಿಣಾಮ ಎಂದು ಎರಡಾಗಿ ಒಡೆದರೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಸಂಶೋಧನೆಗೆ ಬಳಸುವವರು ಹಳೆಯ ಒಟ್ಟು ಅಂಕವನ್ನೂ ಈ ಎರಡು ಭಾಗಗಳನ್ನೂ ಪ್ರತ್ಯೇಕವಾಗಿ ಕೊಡುವುದು ಒಳ್ಳೆಯದು. ಕ್ಲಿನಿಕ್ಕಿನಲ್ಲಿ ಒಬ್ಬೊಬ್ಬರನ್ನೇ ನೋಡುವವರಿಗೆ ಇದರ ತಲೆನೋವು ಬೇಡ. ಉಪವಿಭಾಗಗಳ ಅಂಕ ನೋಡಿದರೆ ಸಾಕು.

ಹತ್ತು ಪ್ರಶ್ನೆಗಳ ಪುರವಣಿ: ಎಂಎಸ್‌ನ ಭಾಷೆ ಇರುವುದು ಇಲ್ಲಿ

ವಿಎಫ್‌ಕ್ಯೂ-25 ಬಿಟ್ಟ ಜಾಗವನ್ನು ತುಂಬಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನರ-ನೇತ್ರ ತಜ್ಞರು, ಲಾರಾ ಬಾಲ್ಸರ್ ಮತ್ತು ಸ್ಟೀವನ್ ಗ್ಯಾಲೆಟಾ ಅವರಿದ್ದ ತಂಡ, ಮೊದಲು ಎಂಎಸ್ ಇರುವವರನ್ನೇ ಕೇಳಿ ಪ್ರಶ್ನೆಗಳನ್ನು ಕಲೆಹಾಕಿದರು. 2006ರಲ್ಲಿ 10 ಪ್ರಶ್ನೆಗಳ ಪುರವಣಿ ಹೊರಬಂತು. ಕೇಳುವ ಸಂಗತಿಗಳು ಇವು: ಕಣ್ಣು ದಣಿದಾಗ ಕೆಲಸ ಮಾಡುವುದು, ಜೋರು ಬಿಸಿಲಿನಲ್ಲಿ ಕೆಲಸ, ಕಾರು ಪಾರ್ಕ್ ಮಾಡುವುದು, ಕಂಪ್ಯೂಟರ್ ಬಳಕೆ, ಎರಡು ಕಣ್ಣುಗಳು ಬೇರೆ ಬೇರೆಯಾಗಿ ನೋಡುತ್ತಿವೆ ಎಂಬ ಅನುಭವ, ಮಂಜು ಮಂಜಾಗಿ ಕಾಣುವುದು, ಚಲಿಸುವ ವಸ್ತುವಿನ ಮೇಲೆ ನೋಟ ನಿಲ್ಲಿಸುವುದು, ಎರಡೆರಡು ಕಾಣುವುದು, ರೆಪ್ಪೆ ಜೋಲುವುದು, ಕಣ್ಣು ಅಥವಾ ರೆಪ್ಪೆ ವಿಚಿತ್ರವಾಗಿ ಕಾಣುವುದು.

ಮೇಲೆ ಹೇಳಿದ ಐದೂ ಸಂಗತಿ ಇಲ್ಲಿವೆ. ಅಂಕ ಇಲ್ಲೂ 0ಯಿಂದ 100. ಉತ್ತರ ಸಿಕ್ಕ ಪ್ರಶ್ನೆಗಳ ನೇರ ಸರಾಸರಿ. ವಿಎಫ್‌ಕ್ಯೂ ಒಟ್ಟು ಅಂಕದೊಂದಿಗೆ ಬೆರೆಸದೆ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ.

ಅದೇ ಮಹಿಳೆಗೆ ಪುರವಣಿಯನ್ನೂ ಕೇಳಿದೆವು ಎನ್ನಿ. ಪಾರ್ಕಿಂಗ್ ಅನ್ವಯಿಸುವುದಿಲ್ಲ. ದಣಿದ ಕಣ್ಣು 50, ಬಿಸಿಲು 50, ಕಂಪ್ಯೂಟರ್ 75, ಕಣ್ಣುಗಳ ವ್ಯತ್ಯಾಸ 25, ಮಂಜು 50, ಚಲಿಸುವ ವಸ್ತು 75, ಎರಡೆರಡು 75, ರೆಪ್ಪೆಯ ಎರಡಕ್ಕೂ 100. ಒಂಬತ್ತರ ಸರಾಸರಿ 66.7. ವಿಎಫ್‌ಕ್ಯೂ 78.5 ಎಂದಾಗ ‘ಪರವಾಗಿಲ್ಲ’ ಎನಿಸಿದ್ದ ಚಿತ್ರ ಇಲ್ಲಿ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಏನು ಮಾಡಬೇಕೆಂಬುದಕ್ಕೆ ದಾರಿ ಸಿಗುತ್ತದೆ. ಕಣ್ಣುಗಳ ವ್ಯತ್ಯಾಸಕ್ಕೆ 25 ಬಂದರೆ ಓಸಿಟಿಯಲ್ಲಿ (ರೆಟಿನಾದ ಪದರಗಳ ಸ್ಕ್ಯಾನ್) ಎರಡು ಕಣ್ಣುಗಳ ನರತಂತು ಪದರದ ದಪ್ಪ ಹೋಲಿಸಬೇಕು. ಎರಡೆರಡು ಕಾಣುವುದು ಕೆಳಗಿಳಿದರೆ ಕಣ್ಣಿನ ಚಲನೆ ಪರೀಕ್ಷಿಸಿ ಕನ್ನಡಕಕ್ಕೆ ಪ್ರಿಸಂ ಗಾಜು ಪ್ರಯತ್ನಿಸಬೇಕು. ಬಿಸಿಲಿನದು ಇಳಿದರೆ ಬಣ್ಣದ ಗಾಜು, ಅಂಚಿನ ಟೋಪಿ, ತಂಪಿನ ಹೊತ್ತಿಗೆ ಕೆಲಸ ಹೊಂದಿಸುವುದು.

ದೋಷವಿಲ್ಲ ಎಂದಲ್ಲ. ರೆಪ್ಪೆಯ ಎರಡು ಪ್ರಶ್ನೆಗಳು ಮಯಸ್ತೀನಿಯಾ (ಸ್ನಾಯುಗಳು ಬೇಗ ದಣಿದು ರೆಪ್ಪೆ ಜೋಲುವ ಕಾಯಿಲೆ) ಇರುವವರಿಗೆ ಹೇಳಿಮಾಡಿಸಿದವು; ಎಂಎಸ್‌ನಲ್ಲಿ ಬಹುತೇಕ ಎಲ್ಲರೂ 100 ಎನ್ನುತ್ತಾರೆ, ಸರಾಸರಿ ಸುಮ್ಮನೆ ಮೇಲೇರುತ್ತದೆ. ಕಂಪ್ಯೂಟರ್ ಮುಟ್ಟದವರಿಗೆ ಮೊಬೈಲ್ ಎಂದು ಕೇಳಬಹುದು, ಆದರೆ ಹಾಗೆ ಕೇಳಿದ್ದನ್ನು ದಾಖಲಿಸಬೇಕು, ಮುಂದಿನ ಸಲವೂ ಹಾಗೆಯೇ ಕೇಳಬೇಕು.

ಐವಿಐಎಸ್ ಮತ್ತು ಉಳಿದವು

ಐವಿಐಎಸ್ (ದೃಷ್ಟಿ ದೋಷದ ಪರಿಣಾಮದ ಅಳತೆ) ಐದೇ ಪ್ರಶ್ನೆಗಳದ್ದು. ಎಂಎಸ್‌ಕ್ಯೂಎಲ್‌ಐ ಎಂಬ, ಎಂಎಸ್ ಇರುವವರ ಜೀವನ ಗುಣಮಟ್ಟದ ಹತ್ತು ಅಳತೆಗಳ ದೊಡ್ಡ ಕಟ್ಟಿನೊಳಗಿನ ಒಂದು ತುಂಡು. ಸುಸ್ತಿಗೆ, ನೋವಿಗೆ, ಮೂತ್ರದ ತೊಂದರೆಗೆ ಇರುವ ಅಳತೆಗಳೂ ಅದರಲ್ಲಿವೆ. ಓದುವುದು, ಟಿವಿ ನೋಡುವುದು ಇಂಥ ಸರಳ ಕೆಲಸಗಳ ಕಷ್ಟವನ್ನು ಕೇಳುತ್ತದೆ. ಒಟ್ಟು 0ಯಿಂದ 15. ಇಲ್ಲಿ ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು, ವಿಎಫ್‌ಕ್ಯೂಗೆ ತದ್ವಿರುದ್ಧ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕುವವರು ದಿಕ್ಕನ್ನು ತಲೆಬರಹದಲ್ಲೇ ಬರೆಯದಿದ್ದರೆ ಎಡವಟ್ಟು ಖಚಿತ. ಎರಡು ನಿಮಿಷದಲ್ಲಿ ಮುಗಿಯುತ್ತದೆ ಎಂಬುದೇ ಇದರ ಗುಣ. ಸೌಮ್ಯ ತೊಂದರೆ ಇರುವವರೆಲ್ಲ 0 ಅಥವಾ 1ರಲ್ಲಿ ಗುಂಪುಗೂಡುತ್ತಾರೆ, ಹಾಗಾಗಿ ಸಣ್ಣ ಬದಲಾವಣೆ ಇದಕ್ಕೆ ಸಿಕ್ಕುವುದಿಲ್ಲ. ಎಂಎಸ್‌ಕ್ಯೂಎಲ್‌ಐ ಪೂರ್ತಿ ಕಟ್ಟನ್ನು ಹೇಗೂ ಬಳಸುತ್ತಿದ್ದರೆ ಇರಲಿ. ದೃಷ್ಟಿಗೆಂದೇ ಆರಿಸುವುದಾದರೆ ಪುರವಣಿ ಹೆಚ್ಚು ಹೇಳುತ್ತದೆ.

ಎಂಎಸ್‌ಐಎಸ್-29, ಎಸ್‌ಎಫ್-36, ಇಕ್ಯೂ-5ಡಿ ಇವು ಒಟ್ಟಾರೆ ಆರೋಗ್ಯ, ಬದುಕಿನ ಪ್ರಶ್ನಾವಳಿಗಳು; ಇವುಗಳಲ್ಲಿ ದೃಷ್ಟಿಗೆ ಪ್ರತ್ಯೇಕ ಪ್ರಶ್ನೆಯೇ ಇಲ್ಲ. ಎಂಎಸ್‌ಕ್ಯೂಓಎಲ್-54 ಎಂಬುದು ಎಸ್‌ಎಫ್-36ಕ್ಕೆ 18 ಪ್ರಶ್ನೆ ಸೇರಿಸಿದ್ದು. ಅದರಲ್ಲೂ ದೃಷ್ಟಿಯ ಉಪವಿಭಾಗವಿಲ್ಲ. ಒಟ್ಟಾರೆ ಬದುಕಿಗೆ ಇವು ಬೇಕು, ಕಣ್ಣಿಗೆ ಇವನ್ನು ನಂಬಿ ಕೂರಬಾರದು. ಎಂಎಸ್‌ನ ಅಂಗವಿಕಲತೆ ಅಳೆಯುವ ಇಡಿಎಸ್‌ಎಸ್‌ನಲ್ಲಿ ದೃಷ್ಟಿಯ ಅಂಕ ಇದೆ, ಆದರೆ ಅದು ವೈದ್ಯರು ಕಂಡದ್ದು, ರೋಗಿ ಹೇಳಿದ್ದಲ್ಲ, ಮೇಲಾಗಿ 4.0 ದಾಟಿದ ಮೇಲೆ ಇಡಿಎಸ್‌ಎಸ್ ಬಹುಮಟ್ಟಿಗೆ ನಡಿಗೆಯ ಅಳತೆ.

ನಮ್ಮ ದೇಶದಲ್ಲೇ ಹುಟ್ಟಿದ ಇಂಡ್-ವಿಎಫ್‌ಕ್ಯೂ-33 ನೋಡಿದರೆ ಆಸೆಯಾಗುತ್ತದೆ. ಸಾಮಾನ್ಯ ಕಾರ್ಯದ 21, ಮನೋಸಾಮಾಜಿಕ ಪರಿಣಾಮದ 5, ದೃಷ್ಟಿ ಲಕ್ಷಣಗಳ 7 ಪ್ರಶ್ನೆಗಳು. ಹಳ್ಳಿಯ ಬದುಕಿಗೆ ಒಗ್ಗುವ ಕೆಲಸಗಳನ್ನೇ ಕೇಳುತ್ತದೆ, ಕಾರು, ಫ್ರೀವೇಗಳ ಗೊಡವೆಯಿಲ್ಲ. ಆದರೆ ರೂಪುಗೊಂಡದ್ದು ಪೊರೆ, ಗ್ಲಾಕೋಮಾ, ಡಯಾಬಿಟಿಕ್ ರೆಟಿನೋಪತಿಯಂಥ ಕಾಯಿಲೆಗಳಿಗೆ. ಹೊಲ-ಮನೆಯ ಕೆಲಸ ಮಾಡುವ ರೋಗಿಗಳು ಹೆಚ್ಚಿದ್ದರೆ ಪುರವಣಿಯ ಜೊತೆ ವಿಎಫ್‌ಕ್ಯೂ-25ರ ಜಾಗದಲ್ಲಿ ಇದನ್ನು ಇಡುವುದು ಒಪ್ಪಬಹುದಾದ ಆಯ್ಕೆ. ಬೆಲೆ ಏನೆಂದರೆ ಎಂಎಸ್‌ನ ಹೊರದೇಶದ ಅಂಕಿಗಳ ಜೊತೆ ಹೋಲಿಕೆ ಕೈತಪ್ಪುತ್ತದೆ. ವಿಎಫ್-14 ಪೊರೆ ಶಸ್ತ್ರಚಿಕಿತ್ಸೆಗೆ ಮಾಡಿದ್ದು. ಎಂಎಸ್‌ಗೆ ಬೇಡ.

ಜೊತೆಗಿರಬೇಕಾದ ಚಾರ್ಟು

ಪ್ರಶ್ನಾವಳಿ ಎರಡೂ ಕಣ್ಣು ತೆರೆದ ಬದುಕನ್ನು ಕೇಳುತ್ತದೆ. ಒಂದು ಕಣ್ಣು ಹಾಳಾಗಿದ್ದರೂ ಇನ್ನೊಂದು ಚೆನ್ನಾಗಿದ್ದರೆ ಅಂಕ ಮೇಲೆಯೇ ಇರಬಹುದು. ಕೆಲವರಲ್ಲಿ ಇದರ ವಿರುದ್ಧವೂ ಆಗುತ್ತದೆ: ಕೆಟ್ಟ ಕಣ್ಣು ಒಳ್ಳೆಯದಕ್ಕೆ ಅಡ್ಡಿಯಾಗಿ, ಎರಡೂ ತೆರೆದಾಗಿನ ನೋಟ ಒಂದೇ ಒಳ್ಳೆಯ ಕಣ್ಣಿನ ನೋಟಕ್ಕಿಂತ ಕಡಿಮೆಯಾಗುತ್ತದೆ. ಇದನ್ನು ಬಿಡಿಸಲು ಲೋ ಕಾಂಟ್ರಾಸ್ಟ್ ಸ್ಲೋನ್ ಚಾರ್ಟ್ ಬೇಕು. ಹಿಂಬೆಳಕಿನ ಪೆಟ್ಟಿಗೆಯಲ್ಲಿಟ್ಟು 2 ಮೀಟರ್ ದೂರದಿಂದ, ಸರಿಯಾದ ಕನ್ನಡಕ ಹಾಕಿಸಿ, 2.5 ಶೇಕಡಾ ಮತ್ತು ಸಾಧ್ಯವಾದರೆ 1.25 ಶೇಕಡಾ ಕಾಂಟ್ರಾಸ್ಟ್‌ನಲ್ಲಿ, ಬಲ, ಎಡ, ಎರಡೂ ಹೀಗೆ ಮೂರು ಸಲ. ಅಂಕ ಎಂದರೆ ಸರಿಯಾಗಿ ಹೇಳಿದ ಅಕ್ಷರಗಳ ಸಂಖ್ಯೆ, ಗರಿಷ್ಠ 60. 7 ಅಕ್ಷರಗಳ ಬದಲಾವಣೆಯನ್ನು ಅರ್ಥಪೂರ್ಣ ಎನ್ನುತ್ತಾರೆ.

ಸ್ಲೋನ್ ಅಕ್ಷರಗಳು ಇಂಗ್ಲಿಷಿನ ಹತ್ತು ದೊಡ್ಡಕ್ಷರಗಳು. ಇಂಗ್ಲಿಷ್ ಅಕ್ಷರ ಬಾರದವರಿಗೆ ಆ ಹತ್ತನ್ನೂ ದೊಡ್ಡದಾಗಿ ಅಚ್ಚುಮಾಡಿದ ಕಾರ್ಡು ಕೈಗೆ ಕೊಟ್ಟು, ‘ಅಲ್ಲಿ ಕಾಣೋದು ಇದರಲ್ಲಿ ಯಾವುದು, ತೋರಿಸಿ’ ಎಂದರೆ ಆಯಿತು. ಆ ಚಾರ್ಟು ಇಲ್ಲದ ಕಡೆ 1 ಮೀಟರ್‌ನಿಂದ ಪೆಲ್ಲಿ-ರಾಬ್ಸನ್ (ಅಕ್ಷರಗಳು ಮಾಸುತ್ತಾ ಹೋಗುವ ಚಾರ್ಟು) ಬಳಸಬಹುದು. ಬಹಳ ಕಣ್ಣಾಸ್ಪತ್ರೆಗಳಲ್ಲಿ ಅದು ಇದ್ದೇ ಇರುತ್ತದೆ.

ಕನ್ನಡದಲ್ಲಿ ಕೇಳುವಾಗ

ಕನ್ನಡ ರೂಪ ಸಿಕ್ಕರೆ ಅದನ್ನು ಯಾರು, ಯಾವ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ ಎಂದು ನೋಡಿ. ನೀವೇ ಮಾಡಬೇಕಾಗಿ ಬಂದರೆ ದಾರಿ ಇದು: ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುವುದು, ಮೂರನೆಯವರ ಜೊತೆ ಕೂತು ಒಂದು ಮಾಡುವುದು, ಮೂಲ ನೋಡದವರಿಂದ ಇಂಗ್ಲಿಷಿಗೆ ಮರಳಿಸಿ ತಾಳೆ ನೋಡುವುದು, ಕೊನೆಗೆ ಎಂಎಸ್ ಇರುವ ಐದರಿಂದ ಎಂಟು ಮಂದಿಗೆ ಓದಿ ಹೇಳಿ ‘ನಿಮಗೆ ಏನು ಅರ್ಥವಾಯಿತು’ ಎಂದು ಕೇಳುವುದು. ಧಾರವಾಡದ ಕಡೆಯವರೂ ಮೈಸೂರಿನ ಕಡೆಯವರೂ ಅದರಲ್ಲಿರಲಿ. ಸಂದರ್ಶಕರು ಸ್ಥಳದಲ್ಲೇ ಬಾಯಿಗೆ ಬಂದಂತೆ ಅನುವಾದಿಸಿ ಕೇಳುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಬೆಳಿಗ್ಗೆ ಕೇಳಿದ ಪ್ರಶ್ನೆ ಸಂಜೆಗೆ ಬೇರೆಯಾಗಿರುತ್ತದೆ.

20ರಿಂದ 25ರವರೆಗಿನ ಹೇಳಿಕೆಗಳಿಗೆ ‘ಖಂಡಿತ ನಿಜ’ದಿಂದ ‘ಖಂಡಿತ ಸುಳ್ಳು’ವರೆಗೆ ಐದು ಆಯ್ಕೆ. ಒಂದೇ ಉಸಿರಿಗೆ ಐದನ್ನೂ ಓದಿದರೆ ಉತ್ತರ ‘ಹ್ಞೂಂ’ ಎಂದು ಬರುತ್ತದೆ. ಮೊದಲು ಹೌದೋ ಅಲ್ಲವೋ ಕೇಳಿ, ಆಮೇಲೆ ‘ಪೂರ್ತಿ ಹೌದಾ, ಹೆಚ್ಚುಕಡಿಮೆ ಹೌದಾ’ ಎಂದು ಎರಡನೇ ಹಂತದಲ್ಲಿ ಕೇಳಿ. ಎಲ್ಲರಿಗೂ ಹೀಗೆಯೇ ಕೇಳಿದರೆ ಸರಿ, ಕೆಲವರಿಗೆ ಮಾತ್ರ ಕೇಳಿದರೆ ಅಳತೆ ಕೆಟ್ಟಿತು.

ಜೊತೆಗೆ ಬಂದವರನ್ನು ಹತ್ತು ನಿಮಿಷ ಹೊರಗೆ ಕೂರಿಸಿ. ‘ನಿಮಗೆ ಬೇರೆಯವರ ಸಹಾಯ ಬಹಳ ಬೇಕಾಗುತ್ತದೆಯೇ’ ಎಂದು ಕೇಳಿದಾಗ ಗಂಡನೋ ಅತ್ತೆಯೋ ಪಕ್ಕದಲ್ಲಿದ್ದರೆ ಬರುವ ಉತ್ತರವೇ ಬೇರೆ.

ರೋಗಿಯೇ ತುಂಬುವುದಾದರೆ ಅಚ್ಚು 16 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಮೊದಲ ಭೇಟಿಯಲ್ಲಿ ತಾವೇ ತುಂಬಿದವರಿಗೆ ಮುಂದಿನ ಭೇಟಿಯಲ್ಲಿ ಸಂದರ್ಶನ ಮಾಡಬೇಡಿ. ಮುಖ ನೋಡಿ ಹೇಳುವಾಗ ಜನ ತೊಂದರೆಯನ್ನು ಕಡಿಮೆ ಮಾಡಿ ಹೇಳುತ್ತಾರೆ. ಕನ್ನಡಕ ಹಾಕುವವರು ಹಾಕಿಕೊಂಡಂತೆ ಭಾವಿಸಿ ಉತ್ತರಿಸಬೇಕೆಂಬುದು ಪ್ರಶ್ನಾವಳಿಯ ಸೂಚನೆ. ಪ್ರಿಸಂ ಇದೆಯೇ, ಓದುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆಯೇ ಎಂಬುದನ್ನೂ ಬರೆದಿಡಿ. ಒಂದು ಕಣ್ಣು ಮುಚ್ಚಿಕೊಂಡು ‘ಓದಲು ಕಷ್ಟವಿಲ್ಲ’ ಎನ್ನುವವರು ಬೇಕಾದಷ್ಟು ಮಂದಿ.

ಯಾವಾಗ ಕೇಳಬೇಕು, ಬದಲಾದರೆ ಏನೆನ್ನಬೇಕು

ಕಲಬುರಗಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಬೆಳಿಗ್ಗೆಯಿಂದ ಓಪಿಡಿ ಸಾಲಿನಲ್ಲಿ ನಿಂತು, ಮಧ್ಯಾಹ್ನ ಎರಡಕ್ಕೆ ಒಳಗೆ ಬಂದವರ ಉತ್ತರದಲ್ಲಿ ದಣಿವು ಬೆರೆತಿರುತ್ತದೆ. ಅದನ್ನು ತಪ್ಪಿಸಲಾಗದಿದ್ದರೂ ಸಮ ಮಾಡಬಹುದು: ಪ್ರತಿ ಭೇಟಿಯಲ್ಲೂ ಅದೇ ಹೊತ್ತು, ಒಳಗೆ ಬಂದು 20 ನಿಮಿಷ ಕೂತ ಮೇಲೆ, ವೈದ್ಯರನ್ನು ಕಾಣುವ ಮುಂಚೆ. ಎಂಆರ್‌ಐ ವರದಿ ಕೇಳಿದ ಮೇಲೆ ತುಂಬಿಸಿದರೆ ಕಣ್ಣಿನ ಚಿಂತೆ ಕೇಳುವ 3ನೇ ಪ್ರಶ್ನೆಯ ಉತ್ತರ ವರದಿಯನ್ನೇ ಹೇಳುತ್ತದೆ.

ಹೊಸ ಆಪ್ಟಿಕ್ ನ್ಯೂರೈಟಿಸ್ ಆದವರಲ್ಲಿ ಚಿಕಿತ್ಸೆಯ ಹೊತ್ತಿಗೆ, ಒಂದು ತಿಂಗಳಿಗೆ, ಮೂರು ಮತ್ತು ಆರು ತಿಂಗಳಿಗೆ ಕೇಳಿ. ದಾಳಿಯ ಮೊದಲ ವಾರದ ಅಂಕವನ್ನು ‘ಆಧಾರ’ವೆಂದು ಹಿಡಿದರೆ ಯಾವ ಚಿಕಿತ್ಸೆ ಕೊಟ್ಟರೂ ಅದ್ಭುತವಾಗಿ ಕಾಣುತ್ತದೆ, ಏಕೆಂದರೆ ಆಪ್ಟಿಕ್ ನ್ಯೂರೈಟಿಸ್ ಬಹುಪಾಲು ತಾನಾಗಿಯೇ ಚೇತರಿಸುವ ಕಾಯಿಲೆ. ದಾಳಿಯಿಲ್ಲದೆ ಸ್ಥಿರವಾಗಿರುವವರಿಗೆ ವರ್ಷಕ್ಕೊಮ್ಮೆ ಸಾಕು, ಆದಷ್ಟೂ ಅದೇ ಋತುವಿನಲ್ಲಿ.

4ರಿಂದ 6 ಅಂಕದ ಗೆರೆ ಮುಖ್ಯವಾಗಿ ಮ್ಯಾಕ್ಯುಲಾ ಕಾಯಿಲೆಯ ಅಧ್ಯಯನಗಳಿಂದ ಬಂದದ್ದು, ಅದೂ ಗುಂಪಿನ ಸರಾಸರಿಗೆ. ಒಬ್ಬ ವ್ಯಕ್ತಿಯ ಅಂಕ 5 ಇಳಿದರೆ ಗಾಬರಿಯಾಗದೆ ಯಾವ ಉಪವಿಭಾಗ ಇಳಿಯಿತು ನೋಡಿ. ಮಾನಸಿಕ ಮತ್ತು ಕೆಲಸದ ಭಾಗ ಮಾತ್ರ ಇಳಿದು, ಪುರವಣಿಯೂ ಲೋ ಕಾಂಟ್ರಾಸ್ಟ್ ಅಂಕವೂ ಹಾಗೆಯೇ ಇದ್ದರೆ ಮೊದಲ ಅನುಮಾನ ಖಿನ್ನತೆ ಅಥವಾ ಸುಸ್ತಿನ ಮೇಲೆ. ಅದಕ್ಕೇ ಖಿನ್ನತೆಯ ಪಿಎಚ್‌ಕ್ಯೂ-9 ಮತ್ತು ಸುಸ್ತಿನ ಎಂಎಫ್‌ಐಎಸ್ ಅಂಕಗಳು ಅದೇ ದಿನದ ಹಾಳೆಯಲ್ಲಿರಬೇಕು. ಹತ್ತಿರ, ದೂರದ ಕೆಲಸಗಳೂ ಪುರವಣಿಯೂ ಒಟ್ಟಿಗೆ ಇಳಿದು, ಚಾರ್ಟಿನಲ್ಲಿ 7 ಅಕ್ಷರ ಹೋಗಿದ್ದರೆ ಕಣ್ಣಿನ ನರವನ್ನು ಮತ್ತೆ ಪರೀಕ್ಷಿಸಲು ಕಳಿಸಿ. ಪುರವಣಿಯೊಂದೇ ಇಳಿದಿದ್ದರೆ ಕಣ್ಣಿನ ಚಲನೆ ನೋಡಿ. ಚಾರ್ಟಿಗೆ ಸಿಗದ ನಿಸ್ಟಾಗ್ಮಸ್, ಎರಡೆರಡು ಕಾಣುವುದು ಅಲ್ಲಿ ಸಿಗುತ್ತವೆ.

ದಾಖಲೆಯ ಕಡತದಲ್ಲಿ ಲೆಕ್ಕ ಹಾಕಿದ ಅಂಕಗಳನ್ನಷ್ಟೇ ಉಳಿಸಬೇಡಿ. ಪ್ರತಿ ಪ್ರಶ್ನೆಗೆ ರೋಗಿ ಆರಿಸಿದ ಮೂಲ ಸಂಖ್ಯೆ, 1ರಿಂದ 6ರವರೆಗಿನದು, ಹಾಗೆಯೇ ಒಂದು ಕಾಲಂನಲ್ಲಿರಲಿ. ಐದು-ಆರರ ಕಾರಣ ಪಕ್ಕದ ಕಾಲಂನಲ್ಲಿ. ಯಾವ ರೂಪ, ಯಾವ ಭಾಷೆ, ಯಾರು ಕೇಳಿದರು, ಎಷ್ಟು ಹೊತ್ತಿಗೆ ಎಂಬುದು ಕೊನೆಯ ನಾಲ್ಕರಲ್ಲಿ.